ವರ್ಗಾವಣೆ ಆದೇಶ ಬಂದಿದೆ. ನಾನು ಶುರುಮಾಡಿದ್ದು ನನ್ನ ಜೊತೆಗೇ ಮುಗಿಯುತ್ತದೆಯೇ?

ಎರಡನೇ ಕೌಂಟರ್ · ಸೋಮವಾರ, ರಾತ್ರಿ 9:40

ಉಡುಪಿ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ ನಾನು. ಕಚೇರಿಯ ಹೆಸರು ಹೇಳುವುದಿಲ್ಲ, ದಯವಿಟ್ಟು ಊಹಿಸಲೂ ಹೋಗಬೇಡಿ. ನಾಲ್ಕು ವರ್ಷದಿಂದ ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ ಕುಳಿತಿದ್ದೇನೆ. ಕಳೆದ ವಾರ ವರ್ಗಾವಣೆ ಆದೇಶ ಬಂತು. ವರ್ಗಾವಣೆಯ ಬಗ್ಗೆ ಬೇಸರವಿಲ್ಲ, ಬೇಸರ ಬೇರೆಯದು.

ನಾನು ಸೇರಿದಾಗ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅರ್ಜಿಯಲ್ಲಿ ಮೊದಲ ತಪ್ಪು ಕಂಡ ಕೂಡಲೇ ವಾಪಸು ಕೊಡುವುದು. ಆ ಮನುಷ್ಯ ಅದನ್ನು ಸರಿಮಾಡಿಸಿಕೊಂಡು ಮುಂದಿನ ವಾರ ಬಂದರೆ ಎರಡನೇ ತಪ್ಪು ಕಾಣುತ್ತದೆ, ಮತ್ತೆ ವಾಪಸು. ಕೊಲ್ಲೂರು ಕಡೆಯಿಂದ ಎರಡು ಬಸ್ ಬದಲಿಸಿ ಬಂದಿದ್ದ ಅಜ್ಜಿಯೊಬ್ಬರು ಮೂರನೇ ಸಲವೂ ಕೆಲಸವಾಗದೆ ಹೊರಟಾಗ, "ಎಲ್ಲವನ್ನೂ ಒಂದೇ ಸಲ ಹೇಳಿದ್ದರೆ ಆಗುತ್ತಿರಲಿಲ್ಲವೇ ಮಗಳೇ?" ಎಂದು ಕೇಳಿದರು. ಕೋಪದಿಂದ ಕೇಳಿದ್ದಲ್ಲ. ಅದಕ್ಕೇ ರಾತ್ರಿಯಿಡೀ ಕಾಡಿತು.

ಮರುದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ವಾಪಸು ಹೋದ ಪ್ರತಿ ಅರ್ಜಿಗೂ ಒಂದು ಸಾಲು: ಯಾಕೆ ವಾಪಸು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಪುಸ್ತಕ ತುಂಬಿತು, ಆದರೆ ಕಾರಣಗಳು ಬೆರಳೆಣಿಕೆಯಷ್ಟೇ. ಒಬ್ಬರೇ ಹೆಂಗಸಿನ ಹೆಸರಿನ ಕೊನೆಗೆ ಆಧಾರಿನಲ್ಲಿ "ಶೆಡ್ತಿ" (ಶೆಟ್ಟಿಯ ಸ್ತ್ರೀರೂಪ), ಪಡಿತರ ಚೀಟಿಯಲ್ಲಿ "ಶೆಟ್ಟಿ", ಜಮೀನಿನ ಆರ್‌ಟಿಸಿಯಲ್ಲಿ ಬರೀ ಹೆಸರು. "ಪೂಜಾರ್ತಿ"ಯದ್ದೂ ಅದೇ ಕಥೆ. ಮುಂಬೈ ಹೋಟೆಲಿನಲ್ಲಿ ದುಡಿದು ಅಲ್ಲೇ ತೀರಿಕೊಂಡವರ ಮರಣ ಪ್ರಮಾಣಪತ್ರ ಊರಿನಲ್ಲಿ ಯಾರ ಬಳಿಯೂ ಇಲ್ಲ. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ಕುಟುಂಬದವರು ವಂಶವೃಕ್ಷವನ್ನು ತಂದೆಯ ಕಡೆಯಿಂದ ಬರೆಸಿ ತರುತ್ತಾರೆ, ಜಾಗ ಇರುವುದು ಅಜ್ಜಿಯ ಹೆಸರಿನಲ್ಲಿ.

ಆಮೇಲೆ ಎರಡು ಕೆಲಸ ಮಾಡಿದೆ. ಅರ್ಜಿಯನ್ನು ಕೊನೆಯ ಪುಟದವರೆಗೆ ನೋಡಿ ಎಲ್ಲ ಕೊರತೆಗಳನ್ನೂ ಒಂದೇ ಚೀಟಿಯಲ್ಲಿ ಗುರುತು ಹಾಕಿ ಕೊಡುವುದು. ಇನ್ನೊಂದು, "ಮನೆಯಿಂದ ಹೊರಡುವ ಮೊದಲು ಇಷ್ಟು ನೋಡಿ" ಎಂಬ ಒಂದು ಪುಟದ ಹಾಳೆ. ಅದನ್ನು ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲೂ ಪಂಚಾಯಿತಿಗಳಲ್ಲೂ ಅಂಟಿಸಿಸಿದೆ. ನನ್ನ ಕೌಂಟರಿನ ಎದುರು ಎರಡನೇ ಸಲ ಬರುವ ಮುಖಗಳು ಕಡಿಮೆಯಾದದ್ದನ್ನು ನಾನೇ ಕಂಡಿದ್ದೇನೆ.

ಈಗ ನನ್ನ ಜಾಗಕ್ಕೆ ಬರುವವರು ಚೀಟಿಯ ಪುಸ್ತಕ ನೋಡಿ, "ಇದು ಯಾವ ಆದೇಶದಲ್ಲಿದೆ?" ಎಂದು ಕೇಳಿ ಕಪಾಟಿನಲ್ಲಿಟ್ಟರು. ನನ್ನ ಪ್ರಶ್ನೆ ಇಷ್ಟೇ. ಸರ್ಕಾರದ ಒಳಗೆ ಒಬ್ಬರೇ ಶುರುಮಾಡಿದ ಕೆಲಸ ಅವರು ಹೋದ ಮೇಲೂ ಉಳಿದದ್ದನ್ನು ನೀವು ನೋಡಿದ್ದೀರಾ? ಉಳಿದಿದ್ದರೆ ಯಾಕೆ ಉಳಿಯಿತು?

ಕೋಡಿ ಕಡಲು · ಸೋಮವಾರ, ರಾತ್ರಿ 9:52

ಉಳಿಯುವುದಿಲ್ಲ ಅಕ್ಕ. ನೋಡಿಯೇ ಹೇಳುತ್ತಿದ್ದೇನೆ.

ಬಂಟ್ವಾಳ ಅಡಿಕೆ · ಸೋಮವಾರ, ರಾತ್ರಿ 10:15

ನಿಮ್ಮ ಕೆಲಸಕ್ಕೆ ಕೈಮುಗಿಯುತ್ತೇನೆ. ಆದರೆ ಪ್ರಶ್ನೆಯೇ ತಪ್ಪು ದಿಕ್ಕಿನಲ್ಲಿದೆ ಎಂದು ನನಗೆ ಅನಿಸುತ್ತದೆ. ಒಬ್ಬ ಒಳ್ಳೆಯ ಅಧಿಕಾರಿ ಬಂದರೆ ಎರಡು ವರ್ಷ ನೆಮ್ಮದಿ, ಹೋದರೆ ಮತ್ತೆ ಮೊದಲಿನಂತೆ. ಪ್ರಜೆಗಳು ಒಳ್ಳೆಯವರಿಗಾಗಿ ಕಾಯುತ್ತಾ ಕೂರಬೇಕೇ? ಕಾನೂನು ಬಂದರೆ ಮಾತ್ರ ಏನಾದರೂ ನಿಲ್ಲುತ್ತದೆ. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ಸಕಾಲವನ್ನೇ ನೋಡಿ. 2011ರಲ್ಲಿ ಕಾಯ್ದೆ, 2012ರಲ್ಲಿ ಜಾರಿ, ಶುರುವಿಗೇ 11 ಇಲಾಖೆಗಳ 151 ಸೇವೆಗಳು. ಇಷ್ಟು ದಿನದೊಳಗೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ. ಯಾರು ಬಂದರೂ ಹೋದರೂ ಅದು ಇದೆ.

ಪಂಚಾಯಿತಿ ಪೆನ್ನು · ಸೋಮವಾರ, ರಾತ್ರಿ 10:31

ಸಕಾಲವನ್ನು ಹಿಡಿದು ಎಳೆದು ತಂದದ್ದೂ ಒಬ್ಬರೇ ಅಲ್ಲವೇ? ಶಾಲಿನಿ ರಜನೀಶ್ ಅವರು ಮಿಷನ್ ನಿರ್ದೇಶಕರಾಗಿದ್ದಾಗ ಎಷ್ಟು ಬೆನ್ನು ಹತ್ತಿದ್ದರು ಎಂಬುದು ಆಗ ಕೆಲಸದಲ್ಲಿದ್ದ ನಮಗೆಲ್ಲ ನೆನಪಿದೆ. ಕಾಯ್ದೆಯ ಪುಸ್ತಕ ತಾನಾಗಿ ಎದ್ದು ತಾಲೂಕಿಗೆ ನಡೆದು ಬರುವುದಿಲ್ಲ.

ಬಂಟ್ವಾಳ ಅಡಿಕೆ · ಸೋಮವಾರ, ರಾತ್ರಿ 10:38

ತಂದದ್ದು ಯಾರೇ ಇರಲಿ, ಉಳಿಸಿದ್ದು ಕಾಯ್ದೆ. ಅದನ್ನೇ ನಾನು ಹೇಳುತ್ತಿರುವುದು.

ಜೋಡುಕಟ್ಟೆ · ಮಂಗಳವಾರ, ಬೆಳಿಗ್ಗೆ 7:05

ಸಕಾಲವನ್ನು ಹೊಗಳುವವರು ಇದನ್ನೂ ಕೇಳಿ. ನನ್ನ ಅರ್ಜಿಯೊಂದು ಗಡುವು ಮುಗಿಯುವ ಹಿಂದಿನ ದಿನ "ದಾಖಲೆ ಸಾಲದು" ಎಂದು ತಿರಸ್ಕೃತವಾಯಿತು. ಯಾವ ದಾಖಲೆ ಸಾಲದು ಎಂದು ಎಲ್ಲೂ ಬರೆದಿರಲಿಲ್ಲ. ಲೆಕ್ಕದಲ್ಲಿ ಅದು ಸಕಾಲದಲ್ಲಿ ವಿಲೇವಾರಿಯಾದ ಅರ್ಜಿ. ನಾನು ಮತ್ತೆ ಮೊದಲಿನಿಂದ ಅರ್ಜಿ ಹಾಕಿದೆ. ಕಾಯ್ದೆ ದಿನಗಳನ್ನು ಎಣಿಸುತ್ತದೆ. ಈ ಅಕ್ಕ ಎಣಿಸಿದ್ದು ಜನರ ಓಡಾಟವನ್ನು. ಕಾಯ್ದೆಗೆ ಕಾಣದಿದ್ದದ್ದು ಕೌಂಟರಿನಲ್ಲಿ ಕುಳಿತವರ ಕಣ್ಣಿಗೆ ಬಿತ್ತು. ಇಬ್ಬರೂ ಬೇಕು.

ಕಾಪು ಲೈಟ್‌ಹೌಸ್ · ಮಂಗಳವಾರ, ಬೆಳಿಗ್ಗೆ 7:20

"ಶೆಡ್ತಿ, ಶೆಟ್ಟಿ" ಓದಿ ನನ್ನ ಅಮ್ಮನದ್ದೇ ಕಥೆ ಎನಿಸಿತು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದು, ಆಧಾರಿನಲ್ಲಿ ಒಂದು. ಪಿಂಚಣಿಗೆ ಅಫಿಡವಿಟ್ ಮಾಡಿಸಬೇಕಾಯಿತು.

ನಿವೃತ್ತ ವಿ.ಎ. · ಮಂಗಳವಾರ, ಬೆಳಿಗ್ಗೆ 11:10

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗ್ರಾಮಲೆಕ್ಕಿಗನಾಗಿದ್ದವನು. ಜನ ನನ್ನನ್ನು ಕೊನೆಯವರೆಗೂ ಶಾನುಭೋಗರೆಂದೇ ಕರೆದರು. ತಂಗಿಯ ಪ್ರಶ್ನೆಗೆ ನನ್ನ ಬಳಿ ಒಂದೇ ಉತ್ತರವಿದೆ, ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ.

ಮೊದಲು ಹೇಗಿತ್ತು ಎಂಬುದು ಇಂದಿನ ಹುಡುಗರಿಗೆ ಗೊತ್ತಿಲ್ಲ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಹಾಗಾಗಿ ಹಳಬರ ಬಾಯಲ್ಲಿ ಅಡಂಗಲ್ ಎಂಬ ಮಾತೇ ಉಳಿದಿತ್ತು. ಘಟ್ಟದ ಮೇಲಿನವರು ಪಹಣಿ ಎನ್ನುತ್ತಾರೆ, ನಾವು ಆರ್‌ಟಿಸಿ. ಹೆಸರು ಯಾವುದಾದರೂ, ಪುಸ್ತಕ ಇದ್ದದ್ದು ಗ್ರಾಮಲೆಕ್ಕಿಗನ ಕೈಯಲ್ಲಿ. ಪ್ರತಿ ಬೇಕಾದರೆ ಅವನು ಸಿಗಬೇಕು, ಅವನಿಗೆ ಮನಸ್ಸು ಬರಬೇಕು. ತಿದ್ದಿದ ಜಾಗದಲ್ಲಿ ಶಾಯಿಯ ಬಣ್ಣ ಬೇರೆಯಾಗಿದ್ದರೂ ಕೇಳುವವರಿಲ್ಲ. ಆ ಅಧಿಕಾರ ನನ್ನ ಕೈಯಲ್ಲೂ ಇತ್ತು. ಅದನ್ನು ಮುಚ್ಚಿಟ್ಟು ಮಾತನಾಡುವುದು ಸರಿಯಲ್ಲ.

ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ ಅದರ ಹಿಂದೆ ಬಿದ್ದರು. 67 ಲಕ್ಷ ರೈತರ ಸುಮಾರು 2 ಕೋಟಿ ಆರ್‌ಟಿಸಿಗಳು ಕಂಪ್ಯೂಟರಿಗೆ ಹೋದವು. ಕಂಪ್ಯೂಟರ್ ಯೋಚನೆ ಅವರಿಗಿಂತ ಮೊದಲೇ ಇತ್ತು, ಕಡತದಲ್ಲಿ ವರ್ಷಗಟ್ಟಲೆ ಮಲಗಿತ್ತು. ಅವರು ಮಾಡಿದ್ದು ಬೇರೆ. ಒಂದೊಂದೇ ತಾಲೂಕಿನಲ್ಲಿ ಕೆಲಸ ಮುಗಿದಂತೆ ಅಲ್ಲಿ ಕೈಬರಹದ ಆರ್‌ಟಿಸಿಗೆ ಮಾನ್ಯತೆ ಇಲ್ಲ ಎಂದು ಅಧಿಸೂಚನೆ ಹೊರಡಿಸಿದರು. ಹಿಂದಿರುಗುವ ದಾರಿಯನ್ನೇ ಮುಚ್ಚಿದರು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಯಾರ ಆರ್‌ಟಿಸಿಯನ್ನಾದರೂ ಪಡೆಯಬಹುದು ಎಂದಾಯಿತು. ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿಗೆ ಮೊದಲ ಸರದಿ, ನಡುವೆ ನುಗ್ಗಿಸಲು ಸಾಧ್ಯವಿಲ್ಲ. ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಆಮೇಲೆ "ನಾನು ಮಾಡಿದ್ದಲ್ಲ" ಎನ್ನುವಂತಿಲ್ಲ.

ಆಗ ನಾವೆಲ್ಲ ಗೊಣಗಿದೆವು. ನಮ್ಮ ಕೈಯಿಂದ ಪುಸ್ತಕ ಹೋಯಿತು ಎಂಬ ಸಂಕಟ ನನಗೂ ಇತ್ತು. ಚಾವ್ಲಾ ಅವರು ಆ ಹುದ್ದೆಯಿಂದ ಹೋಗಿ ಎಷ್ಟೋ ವರ್ಷವಾಯಿತು, ಭೂಮಿ ಇದೆ. ಯಾಕೆ ಎಂದರೆ ಹಳೆಯ ಪುಸ್ತಕ ಇಲ್ಲ.

ಬಂಟ್ವಾಳ ಅಡಿಕೆ · ಮಂಗಳವಾರ, ಬೆಳಿಗ್ಗೆ 11:42

ಶಾನುಭೋಗರೇ, ಕಂಪ್ಯೂಟರಿಗೆ ಹೋಗುವಾಗ ನುಸುಳಿದ ತಪ್ಪುಗಳ ಬಗ್ಗೆ ಒಂದು ಮಾತೂ ಹೇಳಲಿಲ್ಲವಲ್ಲ? ನಮ್ಮ ವಿಸ್ತೀರ್ಣದ ಕಾಲಂನಲ್ಲಿ ಒಂದು ಅಂಕಿ ತಪ್ಪಿ, ತಿದ್ದುಪಡಿಗೆ ತಂದೆಯವರು ನಡೆದು ನಡೆದು ಸವೆದರು. ಕುಮ್ಕಿಯ ವಿಷಯವಂತೂ ಕೇಳಲೇಬೇಡಿ.

ನಿವೃತ್ತ ವಿ.ಎ. · ಮಂಗಳವಾರ, ಮಧ್ಯಾಹ್ನ 12:20

ಒಪ್ಪುತ್ತೇನೆ. ಪುಸ್ತಕದಲ್ಲಿದ್ದ ತಪ್ಪು ಹಾಗೆಯೇ ಹೋಯಿತು, ಟೈಪ್ ಮಾಡುವಾಗ ಹೊಸ ತಪ್ಪೂ ಸೇರಿತು. ತಿದ್ದುವ ಅಧಿಕಾರ ಊರಿನಿಂದ ತಾಲೂಕಿಗೆ ಹೋದದ್ದರಿಂದ ಬಡವರ ನಡಿಗೆ ಹೆಚ್ಚಾದದ್ದೂ ನಿಜ. ನಿಮ್ಮ ತಂದೆಯವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ.

ಮೂಡುಬಿದಿರೆ ಬಸದಿ ಬೀದಿ · ಮಂಗಳವಾರ, ಮಧ್ಯಾಹ್ನ 12:45

ಕುಮ್ಕಿ ಎಂದಿರಲ್ಲ, ಯಾರಾದರೂ ಸರಿಯಾಗಿ ವಿವರಿಸುತ್ತೀರಾ? ವರ್ಗ ಜಾಗದ (ಪಟ್ಟಾ ಜಮೀನಿನ) ಪಕ್ಕದ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಹಕ್ಕು ಎಂದಷ್ಟೇ ನನಗೆ ಗೊತ್ತು.

ಕೊಡಿಯಾಲ್‌ಬೈಲ್ ವಕೀಲ · ಮಂಗಳವಾರ, ಮಧ್ಯಾಹ್ನ 1:02

ಕುಮ್ಕಿಗೆ ಬೇರೆಯೇ ಚರ್ಚೆ ತೆರೆಯಿರಿ, ಇಲ್ಲಿ ಶುರುವಾದರೆ ಮುಂದಿನ ಮಳೆಗಾಲದವರೆಗೂ ಮುಗಿಯುವುದಿಲ್ಲ. ವರ್ಗಾವಣೆಯ ಬಗ್ಗೆ ಒಂದು ಮಾತು. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿಗಳಿಗೆ ಕನಿಷ್ಠ ಅವಧಿ ಇರಬೇಕು, ಬಾಯಿಮಾತಿನ ಆದೇಶದ ಮೇಲೆ ಕೆಲಸ ನಡೆಯಬಾರದು, ಆದೇಶ ಬರಹದಲ್ಲಿರಬೇಕು ಎಂದಿತು. ಅರ್ಜಿ ಹಾಕಿದವರೇ ಕೇಂದ್ರದ ಸಂಪುಟ ಕಾರ್ಯದರ್ಶಿಯಾಗಿದ್ದವರು. ಬರಹದಲ್ಲಿರಬೇಕು ಎಂಬುದನ್ನು ನಿಮ್ಮ ಕೌಂಟರಿಗೂ ಅನ್ವಯಿಸಿಕೊಳ್ಳಿ. ನಿಮ್ಮ ಚೀಟಿ ಈಗ ಬಾಯಿಮಾತಿಗೆ ಸಮ.

ಕುಂದಾಪುರದ ಮೇಷ್ಟ್ರು · ಮಂಗಳವಾರ, ಸಂಜೆ 5:30

ಶಾನುಭೋಗರ ಉದಾಹರಣೆ ಮೇಲಿನಿಂದ ಬಂದದ್ದು. ಕೆಳಗಿನಿಂದ ಹುಟ್ಟಿದ ಒಂದನ್ನು ನಾನು ಹೇಳುತ್ತೇನೆ, ಏಕೆಂದರೆ ನನ್ನ ತರಗತಿಯಲ್ಲಿ ಅದನ್ನು ಬದುಕಿದ್ದೇನೆ.

ನಲಿಕಲಿ ಮೊದಲಾದದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು, ಯುನಿಸೆಫ್ ನೆರವಿನೊಂದಿಗೆ ಪಾಠದ ಕಾರ್ಡುಗಳನ್ನು ತಾವೇ ಕುಳಿತು ಬರೆದರು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ಒಂದು ತಿಂಗಳು ಭತ್ತದ ಕೊಯ್ಲಿಗೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ತಲೆಯ ಮೇಲೆ ಅವರದೇ ಚಿತ್ರಗಳ ಚಪ್ಪರ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು.

ಬಂದಾಗ ಏನಾಯಿತು? ಕೋಟೆಯ ಶಿಕ್ಷಕರಿಗೆ ಅದು ತಮ್ಮದೇ ಕೂಸು. ಉಳಿದವರಿಗೆ ಅದು ಪೆಟ್ಟಿಗೆಯಲ್ಲಿ ಬಂದ ಸುತ್ತೋಲೆ. ನನ್ನ ಪರಿಚಯದ ಶಾಲೆಯೊಂದರಲ್ಲಿ ಕಾರ್ಡು ಹರಿದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕಾರ್ಡು ಹರಿದರೆ ಹೊಸದು ಬರೆಯಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಮಾತು ಅದೊಂದೇ ಆಗಿತ್ತು.

ಆದ್ದರಿಂದ ಅಡಿಕೆಯವರೇ, ಆದೇಶವೊಂದಿದ್ದರೆ ಸಾಕು ಎಂಬುದನ್ನು ನಾನು ಒಪ್ಪುವುದಿಲ್ಲ. ಆದೇಶ ಕಾರ್ಡನ್ನು ತಲುಪಿಸುತ್ತದೆ. ಕಾರ್ಡು ಬರೆದವರ ಕೈಯ ಸಲುಗೆಯನ್ನು ತಲುಪಿಸುವುದಿಲ್ಲ.

ಗ್ರಂಥಾಲಯದ ಕೀಲಿಕೈ · ಮಂಗಳವಾರ, ಸಂಜೆ 6:10

ಮೇಷ್ಟ್ರೇ, ಬೀರುವಿನ ಬೀಗ ಎಂದ ಕೂಡಲೇ ನಮ್ಮ ಹಳ್ಳಿಯ ಗ್ರಂಥಾಲಯ ನೆನಪಾಯಿತು. ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಮೊದಲು ನಾಲ್ಕು ಹಿರಿಯರು ಪತ್ರಿಕೆ ಓದಿ ಹೋಗುವ ಕೋಣೆ ಅದು. 2020ರಲ್ಲಿ ಉಮಾ ಮಹದೇವನ್ ಮೇಡಂ ಪಂಚಾಯತ್ ರಾಜ್ ಇಲಾಖೆಯಲ್ಲಿದ್ದಾಗ "ಓದುವ ಬೆಳಕು" ಶುರುವಾಯಿತು. ಕೊರೊನಾದಿಂದ ಶಾಲೆ ಮುಚ್ಚಿದ್ದ ಹೊತ್ತು. ಮಕ್ಕಳಿಗೆ ಉಚಿತ ಸದಸ್ಯತ್ವ. ನನ್ನ ಬಾಗಿಲಿಗೆ ಮೀನುಗಾರರ ಮಕ್ಕಳು ಬಂದರು, ಹಿಂದೆ ಒಬ್ಬರೂ ಬಂದಿರಲಿಲ್ಲ. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚಿವೆ. ಮೇಡಂ ಯಾವ ಹುದ್ದೆಗೆ ಹೋದರೂ ನನ್ನ ರಿಜಿಸ್ಟರಿನಲ್ಲಿ ಆ ಮಕ್ಕಳ ಹೆಸರು ಇದ್ದೇ ಇದೆ. ಮಕ್ಕಳು ಒಮ್ಮೆ ಬರಲು ಶುರುಮಾಡಿದರೆ ಯಾವ ಆದೇಶಕ್ಕೂ ಕಾಯುವುದಿಲ್ಲ, ಬಾಗಿಲು ತಟ್ಟುತ್ತಾರೆ.

ಸುರತ್ಕಲ್ ಲಾರಿ · ಮಂಗಳವಾರ, ರಾತ್ರಿ 8:45

ಎಲ್ಲರೂ ಕೊಂಕಣ ರೈಲ್ವೆಯನ್ನು ಮರೆತಿರಲ್ಲ! 1990ರಲ್ಲಿ ನಿಗಮ, 1993ರ ಮಾರ್ಚಿನಲ್ಲಿ ಮಂಗಳೂರು–ಉಡುಪಿ ರೈಲು, 1998ರ ಜನವರಿ 26ಕ್ಕೆ ರೋಹಾದವರೆಗೆ ಸುಮಾರು 740 ಕಿಲೋಮೀಟರ್ ಪೂರ್ತಿ. ನಿಗಮದ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಒಬ್ಬರೇ ಸಾಕು ಉದಾಹರಣೆಗೆ. ಘಟ್ಟ, ಹೊಳೆ, ಜೇಡಿಮಣ್ಣಿನ ಸುರಂಗ, ಯಾವುದಕ್ಕೂ ನಿಲ್ಲಲಿಲ್ಲ.

ಇನ್ನು ನನ್ನ ಹೊಟ್ಟೆಪಾಡಿನ ವಿಷಯ. 1999ರಲ್ಲಿ ಕೊಂಕಣ ರೈಲ್ವೆ ಲಾರಿಗಳನ್ನೇ ರೈಲಿನ ಮೇಲೆ ಏರಿಸಿಕೊಂಡು ಹೋಗುವ ರೋ-ರೋ ತಂದಿತು. ಮೊದಲು ಕೋಲಾಡಿನಿಂದ ಗೋವಾದ ವೆರ್ಣಾವರೆಗೆ, ಆಮೇಲೆ ನಮ್ಮ ಸುರತ್ಕಲ್‌ವರೆಗೆ. ಲಾರಿ ಏರಿಸಿ, ಬೀಗ ಹಾಕಿ, ಚಾಲಕ ನಿದ್ದೆ ಮಾಡುತ್ತಾ ಹೋಗುತ್ತಾನೆ. ಡೀಸೆಲ್ ಉಳಿತಾಯ, ಟೈರ್ ಉಳಿತಾಯ. ಮಳೆಗಾಲದ ರಾತ್ರಿ ಹೆದ್ದಾರಿಯಲ್ಲಿ ಲಾರಿ ಓಡಿಸಿದವನಿಗೆ ಮಾತ್ರ ಅದರ ಬೆಲೆ ಗೊತ್ತು.

ಕಡಿಯಾಳಿ ಅಜ್ಜ · ಮಂಗಳವಾರ, ರಾತ್ರಿ 9:15

ಶ್ರೀಧರನ್ ಬಗ್ಗೆ ಗೌರವವಿದೆ. ಆದರೆ ಅವರ ಬೆನ್ನಿಗೆ ಯಾರಿದ್ದರು ಎಂಬುದನ್ನು ಬಿಡಬಾರದು. ರೈಲ್ವೆ ಮಂತ್ರಿಯಾಗಿದ್ದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಹಣಕಾಸು ಮಂತ್ರಿ ಕೊಂಕಣದಿಂದಲೇ ಆರಿಸಿ ಬಂದ ಮಧು ದಂಡವತೆ. ರೈಲ್ವೆ ಮಂಡಳಿಯ ಒಳಗೇ ಇಟ್ಟರೆ ವರ್ಷಕ್ಕೆ ಒಂದಿಷ್ಟು ಹಣ ಬಂದು ಶತಮಾನ ಹಿಡಿಯುತ್ತದೆ ಎಂದು ಬೇರೆ ನಿಗಮ ಮಾಡಿದರು. ಕೇಂದ್ರದ್ದು 51 ಪಾಲು, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಉಳಿದ ಹಣ ಬಾಂಡ್‌ಗಳಿಂದ. ಚೌಕಟ್ಟು ಹೊಸದಾಗಿದ್ದರಿಂದ ಶ್ರೀಧರನ್ ಅವರಿಗೆ ಕೈಯಾಡಿಸಲು ಜಾಗ ಸಿಕ್ಕಿತು. ಹಳೆಯ ಕುರ್ಚಿಯಲ್ಲೇ ಕೂರಿಸಿದ್ದರೆ ಅವರೂ ಕಡತಕ್ಕೆ ಸಹಿ ಹಾಕಿಕೊಂಡು ನಿವೃತ್ತರಾಗುತ್ತಿದ್ದರೋ ಏನೋ.

ಸುರತ್ಕಲ್ ಲಾರಿ · ಮಂಗಳವಾರ, ರಾತ್ರಿ 9:22

ಅಜ್ಜರೇ, ಅದನ್ನು ಒಪ್ಪುವುದಿಲ್ಲ. 1964ರಲ್ಲಿ ಚಂಡಮಾರುತಕ್ಕೆ ಕೊಚ್ಚಿಹೋದ ಪಾಂಬನ್ ಸೇತುವೆಯನ್ನು 46 ದಿನದಲ್ಲಿ ನಿಲ್ಲಿಸಿದ್ದು ಇದೇ ಶ್ರೀಧರನ್. ಆಗ ಅವರು ಹಳೆಯ ಕುರ್ಚಿಯಲ್ಲೇ ಇದ್ದರು.

ಕಡಿಯಾಳಿ ಅಜ್ಜ · ಮಂಗಳವಾರ, ರಾತ್ರಿ 9:40

ಅದು ಸರಿ. ಈ ಮಾತು ನಿಮ್ಮದೇ ಗೆದ್ದಿತು.

ಕೋಡಿ ಕಡಲು · ಮಂಗಳವಾರ, ರಾತ್ರಿ 9:58

ಅದೇ ಕೊಂಕಣ ರೈಲ್ವೆಯ ಇನ್ನೊಂದು ಕಥೆಯನ್ನೂ ಹೇಳಿ. ಅದರ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಬಿ. ರಾಜಾರಾಂ ಅವರ ಸ್ಕೈಬಸ್. ಮಡಗಾಂವಿನಲ್ಲಿ ಕಂಬಗಳ ಮೇಲೆ ಹಳಿ, ಹಳಿಗೆ ಕೆಳಗಿನಿಂದ ಜೋತುಬಿದ್ದ ಬೋಗಿ. ಬುದ್ಧಿಯ ಕೆಲಸ ಎಂಬುದರಲ್ಲಿ ಅನುಮಾನವಿಲ್ಲ. 2004ರ ಪರೀಕ್ಷೆಯಲ್ಲಿ ಅಪಘಾತವಾಗಿ ಸಿಬ್ಬಂದಿಯೊಬ್ಬರು ತೀರಿಕೊಂಡರು. ಕನಸು ಕಂಡವರು ಹೋದ ಮೇಲೆ ಕಂಬಗಳು ಹಾಗೆಯೇ ನಿಂತಿದ್ದವು, ಕೊನೆಗೆ ಕಿತ್ತುಹಾಕುವ ನಿರ್ಧಾರವಾಯಿತು. ರೋ-ರೋ ಉಳಿಯಿತು, ಸ್ಕೈಬಸ್ ಉಳಿಯಲಿಲ್ಲ. ಒಂದೇ ಸಂಸ್ಥೆ. ಯಾಕೆ ಎಂದು ಯೋಚಿಸಿ.

ಸುರತ್ಕಲ್ ಲಾರಿ · ಮಂಗಳವಾರ, ರಾತ್ರಿ 10:05

ರೋ-ರೋಗೆ ಹೊಸ ಯಂತ್ರವೇನೂ ಬೇಕಿರಲಿಲ್ಲ. ಇದ್ದ ಹಳಿ, ಇದ್ದ ವ್ಯಾಗನ್, ಇದ್ದ ಲಾರಿ. ಮೇಲಾಗಿ ದಿನವೂ ಹಣ ಕೊಟ್ಟು ಬರುವ ನಮ್ಮಂಥವರು ಇದ್ದೇವೆ. ನಿಲ್ಲಿಸಿದರೆ ಮೊದಲು ಕೂಗುವವರು ನಾವೇ.

ಎರಡನೇ ಕೌಂಟರ್ · ಮಂಗಳವಾರ, ರಾತ್ರಿ 10:50

ಇಷ್ಟು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಲಾರಿಯವರ ಕೊನೆಯ ಮಾತನ್ನು ಎರಡು ಸಲ ಓದಿದೆ. ನನ್ನ ಚೀಟಿ ನಿಂತರೆ ಕೂಗುವವರು ಯಾರು? ಕೊಲ್ಲೂರಿನ ಅಜ್ಜಿಗೆ ಅಂಥದ್ದೊಂದು ಚೀಟಿ ಇತ್ತು ಎಂಬುದೇ ಗೊತ್ತಿರುವುದಿಲ್ಲ. ಬಂದವರೆಲ್ಲ ಒಂದೇ ಸಲ ಬಂದು ಹೋದರು.

ಕೋಡ್ ಬರೆಯುವ ಕಾರ್ಕಳದವ · ಬುಧವಾರ, ಬೆಳಿಗ್ಗೆ 8:30

ಅಕ್ಕ, ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಿಮ್ಮ ನೋಟ್‌ಬುಕ್ಕಿನ ಪಟ್ಟಿ ಕೊಟ್ಟರೆ ಎರಡು ವಾರಾಂತ್ಯದಲ್ಲಿ ಒಂದು ಆ್ಯಪ್ ಮಾಡಿಕೊಡುತ್ತೇನೆ. ಯಾವ ಅರ್ಜಿ ಎಂದು ಒತ್ತಿದರೆ ಏನೇನು ಬೇಕು ಎಂದು ಕನ್ನಡದಲ್ಲೂ ತುಳುವಿನಲ್ಲೂ ಹೇಳುತ್ತದೆ. ದುಡ್ಡು ಬೇಡ.

ಬೆಳ್ತಂಗಡಿ ಸಿಸ್ಟರ್ · ಬುಧವಾರ, ಬೆಳಿಗ್ಗೆ 9:15

ತಮ್ಮ, ನಿನ್ನ ಮನಸ್ಸು ದೊಡ್ಡದು. ಆದರೆ ಆ್ಯಪ್‌ಗಳ ಭಾರ ನಮಗೆ ಸಾಕಾಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದೇ ಮಾಹಿತಿಯನ್ನು ಎಷ್ಟು ಕಡೆ ತುಂಬುತ್ತೇವೆ ಎಂದು ಬಂದು ನೋಡು.

ನಮ್ಮಲ್ಲಿ ಗೆದ್ದದ್ದು ಬಹಳ ಸರಳವಾದ ಒಂದು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್ ಗುಂಪು ಮಾಡಿದರು. ಎದೆನೋವು ಎಂದು ಬಂದವರ ಇಸಿಜಿಯ ಫೋಟೋ ತೆಗೆದು ಕಳುಹಿಸಿದರೆ ಅತ್ತಲಿಂದ ತಜ್ಞರು ನೋಡಿ ಹೇಳುತ್ತಾರೆ. ಅವರು ಸರ್ಕಾರಿ ನೌಕರರಲ್ಲ, ಆದರೆ ಕೆಲಸ ನಡೆದದ್ದು ಸರ್ಕಾರಿ ಕೇಂದ್ರದಲ್ಲಿ, ನಮ್ಮ ಕೈಯಿಂದ. ಹೊಸ ಆ್ಯಪ್ ಇಲ್ಲ, ಪಾಸ್‌ವರ್ಡ್ ಇಲ್ಲ, ನಮ್ಮ ಬಳಿ ಆಗಲೇ ಇದ್ದ ಮೊಬೈಲ್. ಘಟ್ಟದ ಬುಡದಿಂದ ಮಂಗಳೂರಿಗೆ ಹೋಗುವ ದಾರಿ ರೋಗಿಗೆ ಎಷ್ಟು ಉದ್ದ ಎಂಬುದು ನಮಗೆ ಗೊತ್ತು.

ಅಕ್ಕನ ಚೀಟಿ ಕಾಗದದಲ್ಲೇ ಇರಲಿ. ಕೈಯಲ್ಲಿ ಹಿಡಿದ ಚೀಟಿಯನ್ನು ಮನೆಯ ಹುಡುಗರಿಗೆ ತೋರಿಸಬಹುದು, ಝೆರಾಕ್ಸ್ ಅಂಗಡಿಯವರಿಗೆ ತೋರಿಸಬಹುದು.

ಕೋಡ್ ಬರೆಯುವ ಕಾರ್ಕಳದವ · ಬುಧವಾರ, ಬೆಳಿಗ್ಗೆ 9:40

ಸರಿ ಸಿಸ್ಟರ್, ಅರ್ಥವಾಯಿತು. ಹಾಗಾದರೆ ಚೀಟಿಯನ್ನು ಚೆನ್ನಾಗಿ ಅಚ್ಚು ಹಾಕಲು ಬರುವಂತೆ ಜೋಡಿಸಿ ಕೊಡಲೇ? ಆದರೂ ಎಲ್ಲ ಆ್ಯಪ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಭೂಮಾಪನ ಇಲಾಖೆಯ ದಿಶಾಂಕ್ ಇಲ್ಲದಿದ್ದರೆ ನಾನು ನಮ್ಮ ಸರ್ವೆ ನಂಬರಿನ ಗಡಿಯನ್ನು ಈ ಜನ್ಮದಲ್ಲಿ ನೋಡುತ್ತಿರಲಿಲ್ಲ. ಅದರ ಹಿಂದೆಯೂ ಮುನೀಶ್ ಮೌದ್ಗಿಲ್ ಎಂಬ ಒಬ್ಬ ಆಯುಕ್ತರ ಹಟ ಇತ್ತು.

ಪಂಚಾಯಿತಿ ಪೆನ್ನು · ಬುಧವಾರ, ಮಧ್ಯಾಹ್ನ 2:10

ಕಸದ ವಿಷಯ ಬರೆಯದೆ ನನಗೆ ಸಮಾಧಾನವಾಗುವುದಿಲ್ಲ. ಕುಂದಾಪುರ ತಾಲೂಕಿನ ವಂಡ್ಸೆ ಗ್ರಾಮ ಪಂಚಾಯಿತಿ ಕಸ ನಿರ್ವಹಣೆಯ ತಜ್ಞ ವೆಲ್ಲೂರು ಶ್ರೀನಿವಾಸನ್ ಅವರ ಮಾದರಿಯನ್ನು ತಂದು, ಕಸವನ್ನು ಹತ್ತಾರು ಬಗೆಯಾಗಿ ಬೇರ್ಪಡಿಸಿ ಮಾರಾಟಕ್ಕೆ ಕಳುಹಿಸುವ ಘಟಕ ಮಾಡಿತು. ಎಲ್ಲೆಲ್ಲಿಂದಲೋ ಪಂಚಾಯಿತಿಯವರು ನೋಡಲು ಬಂದರು. ಆಮೇಲೆ ಕಾರ್ಕಳದ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಎಂಆರ್‌ಎಫ್ ಎಂಬ ಘಟಕ ಬಂತು, ಸುತ್ತಲಿನ ಪಂಚಾಯಿತಿಗಳ ಕಸ ಅಲ್ಲಿಗೆ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದದ್ದನ್ನು ಕಂಡವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಪಂಚಾಯಿತಿಯಲ್ಲೂ ಘಟಕ ಶುರುಮಾಡಿದೆ. ಹಿಂದೊಮ್ಮೆ ಬೇರೆ ಊರಿನಲ್ಲಿ ಶುರುಮಾಡಿ ವರ್ಗಾವಣೆಯಾದಾಗ ಆರು ತಿಂಗಳಲ್ಲಿ ಶೆಡ್ಡಿಗೆ ಬೀಗ ಬಿತ್ತು. ಈ ಸಲ ಘಟಕವನ್ನು ನಡೆಸಲು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರಿಗೆ ಒಪ್ಪಂದ ಬರೆದುಕೊಟ್ಟೆವು. ಅವರಿಗೆ ಅದರಿಂದ ಸಂಬಳ ಬರುತ್ತದೆ. ನಾನು ನಾಳೆ ಹೋದರೂ ಅವರು ಮುಚ್ಚಲು ಬಿಡುವುದಿಲ್ಲ. ಲಾರಿಯವರು ಹೇಳಿದ ಕೂಗುವವರು ಇವರೇ.

ಕಡಿಯಾಳಿ ಅಜ್ಜ · ಬುಧವಾರ, ಸಂಜೆ 4:30

ಸ್ವಚ್ಛತೆ ಎಂದರೆ ಉಡುಪಿಯವರು ಇನ್ನೊಂದನ್ನು ನೆನೆಯಬೇಕು. 1968ರಲ್ಲಿ ಪುರಸಭೆಯ ಅಧ್ಯಕ್ಷರಾದ ಡಾ. ವಿ.ಎಸ್. ಆಚಾರ್ಯ ಅವರು ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಈ ಊರಿನಲ್ಲಿ ನಿಲ್ಲಿಸಿದರು. ದೇಶ ಅದಕ್ಕೆ ಕಾನೂನು ಮಾಡಿದ್ದು 1993ರಲ್ಲಿ. ಆ ಬುಟ್ಟಿಗಳನ್ನು ಹುಡುಗನಾಗಿದ್ದಾಗ ಕಣ್ಣಾರೆ ಕಂಡವನು ನಾನು. ಕಾನೂನು ಮೊದಲು, ಮನುಷ್ಯ ಆಮೇಲೆ ಎನ್ನುವವರಿಗೆ ಇದನ್ನು ಹೇಳಬೇಕೆನಿಸಿತು.

ಬಂಟ್ವಾಳ ಅಡಿಕೆ · ಬುಧವಾರ, ಸಂಜೆ 4:55

ಅವರು ರಾಜಕಾರಣಿ. ಇಲ್ಲಿ ನೌಕರರ ಮಾತು ನಡೆಯುತ್ತಿದೆ.

ಕಡಿಯಾಳಿ ಅಜ್ಜ · ಬುಧವಾರ, ಸಂಜೆ 5:03

ಪುರಸಭೆಯೂ ಸರ್ಕಾರದ ಸಂಸ್ಥೆಯೇ. ಬುಟ್ಟಿ ಇಳಿಸಿದವರಿಗೆ ಯಾರು ಇಳಿಸಿದರು ಎಂಬ ಲೆಕ್ಕ ಬೇಕಿರಲಿಲ್ಲ.

ಬ್ರಹ್ಮಾವರ ಗದ್ದೆ · ಬುಧವಾರ, ರಾತ್ರಿ 7:30

ಇಲ್ಲೇ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರು ಸಹ್ಯಾದ್ರಿ ಪಂಚಮುಖಿ ಎಂಬ ಭತ್ತ ಕೊಟ್ಟರು. ನೆರೆ ನೀರು ಗದ್ದೆಯಲ್ಲಿ ಕೆಲವು ದಿನ ನಿಂತರೂ ಕೊಳೆಯುವುದಿಲ್ಲ. ನಾವೆಲ್ಲ ಎಂಒ4 ಬಿಡುವವರಲ್ಲ, ಕೇರಳದ ಮಂಕೊಂಬಿನ ತಳಿ ಅದು, ಇಲ್ಲಿನ ಬಾಯಿಗೆ ಹಿಡಿಸಿದೆ. ಆದರೂ ತಗ್ಗಿನ ಗದ್ದೆಗೆ ಹೊಸದನ್ನು ಹಾಕಿ ನೋಡಿದೆ. ಒಂದು ತಳಿ ಹೊರಬರಲು ಎಷ್ಟೋ ಬೆಳೆಗಳ ಕಾಲ ಒಬ್ಬರು ಸಾಲು ಸಾಲಾಗಿ ತೆನೆ ನೋಡುತ್ತಾ ಕೂರಬೇಕು. ನಡುವೆ ಅವರನ್ನು ಎತ್ತಿ ಬೇರೆ ಕಡೆ ಹಾಕಿದರೆ ಮುಗಿಯಿತು. ಚರ್ಚೆಗೆ ಸೇರುತ್ತದೋ ಇಲ್ಲವೋ, ಬರೆಯಬೇಕೆನಿಸಿತು.

ಮಂಗಳೂರು ಲೆಕ್ಕ · ಬುಧವಾರ, ರಾತ್ರಿ 9:20

ನಾನು ಲೆಕ್ಕಪರಿಶೋಧನೆಯಲ್ಲಿದ್ದವನು. "ಯಾವ ಆದೇಶದಲ್ಲಿದೆ?" ಎಂದು ಕೇಳಿದ ಆ ಹೊಸಬರನ್ನು ಇಲ್ಲಿ ಎಲ್ಲರೂ ಖಳನಂತೆ ನೋಡುತ್ತಿದ್ದೀರಿ. ನನಗೆ ಅವರ ಭಯ ಅರ್ಥವಾಗುತ್ತದೆ. ಅರ್ಜಿದಾರರೊಬ್ಬರು ಆ ಚೀಟಿಯನ್ನೇ ಹಿಡಿದು, "ಇದರಲ್ಲಿ ಇಷ್ಟೇ ಬರೆದಿದ್ದರು, ಈಗ ಹೊಸದು ಕೇಳುತ್ತಿದ್ದಾರೆ" ಎಂದು ಮೇಲ್ಮನವಿ ಹಾಕಿದರೆ ಉತ್ತರ ಕೊಡಬೇಕಾದವರು ಯಾರು? ಆದೇಶವಿಲ್ಲದ ಕಾಗದಕ್ಕೆ ಸಹಿ ಹಾಕಿದವರು. ನೌಕರ ಏನೂ ಮಾಡದಿದ್ದರೆ ನೋಟಿಸ್ ಬರುವುದಿಲ್ಲ, ಒಳ್ಳೆಯದನ್ನು ಮಾಡಲು ಹೋಗಿ ತಪ್ಪಿದರೆ ಬರುತ್ತದೆ. ಇಪ್ಪತ್ತು ವರ್ಷ ನಾನೇ ಆಕ್ಷೇಪಣೆ ಬರೆದವನು. ಈಗ ಹಿಂದಿರುಗಿ ನೋಡಿದಾಗ ಅವುಗಳಲ್ಲಿ ಕೆಲವನ್ನು ಬರೆಯಬಾರದಿತ್ತು ಎನಿಸುತ್ತದೆ.

ತಂಗಿ, ನೀವು ಮಾಡಬೇಕಾದದ್ದು ಇದು. ಕಡತ ತೆರೆಯಿರಿ. ನಿಮ್ಮ ನೋಟ್‌ಬುಕ್ಕಿನಲ್ಲಿರುವ ಕಾರಣಗಳನ್ನು ಎಣಿಸಿ ಒಂದು ಪುಟದ ಟಿಪ್ಪಣಿ ಬರೆಯಿರಿ, ಹೊಗಳಿಕೆ ಬೇಡ, ಅಂಕಿ ಮಾತ್ರ. ಅಧೀಕ್ಷಕರ ಮೂಲಕ ಸಾಹೇಬರಿಗೆ ಮಂಡಿಸಿ ಕಚೇರಿ ಆದೇಶದ ಸಂಖ್ಯೆ ಪಡೆಯಿರಿ. ಚೀಟಿಯ ಕೆಳಗೆ ಆ ಸಂಖ್ಯೆ ಅಚ್ಚಾಗಲಿ. ಎರಡು ಪ್ರತಿ ಇರಲಿ, ಒಂದು ಅರ್ಜಿದಾರರಿಗೆ, ಒಂದು ಕಡತಕ್ಕೆ. ಕೊನೆಯದಾಗಿ, ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಚೀಟಿಯ ಪುಸ್ತಕವನ್ನೂ ನೋಟ್‌ಬುಕ್ಕನ್ನೂ ಸೇರಿಸಿ. ಪಟ್ಟಿಯಲ್ಲಿರುವ ವಸ್ತುವನ್ನು ಯಾರೂ ಕಪಾಟಿನಲ್ಲಿ ಮರೆಯುವುದಿಲ್ಲ.

ಕುಂದಾಪುರದ ಮೇಷ್ಟ್ರು · ಬುಧವಾರ, ರಾತ್ರಿ 9:45

ಇದಕ್ಕೆ ಒಂದನ್ನು ಸೇರಿಸುತ್ತೇನೆ. ಹೊಸಬರ ಪಕ್ಕದಲ್ಲಿ ಎರಡು ದಿನ ಕುಳಿತುಕೊಳ್ಳಿ. ನೀವು ಹೇಳಬೇಡಿ, ಅವರು ಅರ್ಜಿ ನೋಡಲಿ, ಅವರೇ ಗುರುತು ಹಾಕಲಿ. ಕಾರ್ಡು ಅವರೇ ಬರೆಯಲಿ.

ಕೊಡಿಯಾಲ್‌ಬೈಲ್ ವಕೀಲ · ಬುಧವಾರ, ರಾತ್ರಿ 10:00

ಚೀಟಿಯ ಕೊನೆಯಲ್ಲಿ "ಪರಿಶೀಲನೆಯ ಹಂತದಲ್ಲಿ ಹೆಚ್ಚಿನ ದಾಖಲೆ ಬೇಕಾಗಬಹುದು" ಎಂಬ ಸಾಲೂ ಇರಲಿ. ಹೊಸಬರ ಅರ್ಧ ಭಯ ಅಲ್ಲಿಗೆ ಹೋಗುತ್ತದೆ.

ಜೋಡುಕಟ್ಟೆ · ಬುಧವಾರ, ರಾತ್ರಿ 10:04

ಬೇಡ ವಕೀಲರೇ. ಆ ಸಾಲನ್ನು ಹಿಡಿದುಕೊಂಡೇ ಮತ್ತೆ ಮೂರು ಸಲ ಓಡಾಡಿಸುತ್ತಾರೆ.

ಕೊಡಿಯಾಲ್‌ಬೈಲ್ ವಕೀಲ · ಬುಧವಾರ, ರಾತ್ರಿ 10:11

ಹಾಗಾದರೆ "ಹೆಚ್ಚಿನ ದಾಖಲೆ ಕೇಳಿದರೆ ಕಾರಣವನ್ನು ಬರೆದು ಕೊಡಲಾಗುವುದು" ಎಂದಿರಲಿ. ಈಗ ಒಪ್ಪಿಗೆಯೇ?

ಜೋಡುಕಟ್ಟೆ · ಬುಧವಾರ, ರಾತ್ರಿ 10:13

ಒಪ್ಪಿಗೆ.

ಎರಡನೇ ಕೌಂಟರ್ · ಶನಿವಾರ, ಸಂಜೆ 6:40

ಇಂದು ನನ್ನ ಕೊನೆಯ ದಿನವಾಗಿತ್ತು. ಗುರುವಾರ ಟಿಪ್ಪಣಿ ಬರೆದೆ, ಅಧೀಕ್ಷಕರು ಎರಡು ಪ್ರಶ್ನೆ ಕೇಳಿ ಮುಂದೆ ಕಳುಹಿಸಿದರು. ಶುಕ್ರವಾರ ಸಾಹೇಬರ ಸಹಿ ಬಿತ್ತು. ವಕೀಲರ ಸಾಲನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ. ಕಾರ್ಕಳದ ತಮ್ಮ ಜೋಡಿಸಿಕೊಟ್ಟ ಚೀಟಿ ಅಚ್ಚಿಗೆ ಹೋಗಿದೆ, ಪುಸ್ತಕ ಎರಡೂ ಪ್ರಭಾರ ಪಟ್ಟಿಯಲ್ಲಿವೆ.

ಎರಡು ದಿನ ಹೊಸಬರ ಪಕ್ಕದಲ್ಲಿ ಕುಳಿತೆ. ಮೊದಲ ದಿನ ಅವರು ಹೆಚ್ಚು ಮಾತನಾಡಲಿಲ್ಲ. ಹಿಂದಿನ ಕಚೇರಿಯಲ್ಲಿ ಅವರಿಗೆ ಮೂರು ನೋಟಿಸ್ ಬಂದಿತ್ತಂತೆ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹೇಳಿದರು. ಇಂದು ಸಂಜೆ ಬಾಗಿಲು ಹಾಕುವ ಹೊತ್ತಿಗೆ ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡು ಕೊನೆಯ ಪುಟದಲ್ಲಿ ತಮ್ಮ ಕೈಯಿಂದ ಒಂದು ಸಾಲು ಬರೆದರು. ಹೊಸ ತಾಲೂಕುಗಳಾದ ಮೇಲೆ ಹಳೆಯ ಪ್ರಮಾಣಪತ್ರಗಳಲ್ಲಿ ಹಿಂದಿನ ತಾಲೂಕಿನ ಹೆಸರೇ ಇದೆ, ಬೈಂದೂರಿನವರ ಅರ್ಜಿಗಳು ಅದಕ್ಕೇ ಹೆಚ್ಚಾಗಿ ವಾಪಸು ಹೋಗುತ್ತಿವೆ ಎಂದು. ನಾಲ್ಕು ವರ್ಷ ಅಲ್ಲೇ ಕುಳಿತಿದ್ದ ನನಗೆ ಅದು ಹೊಳೆದಿರಲಿಲ್ಲ.

ನಿವೃತ್ತ ವಿ.ಎ. · ಶನಿವಾರ, ಸಂಜೆ 6:58

ತಂಗಿ, ಆ ಸಾಲನ್ನು ಮನೆಯಿಂದ ಹೊರಡುವ ಮೊದಲು ನೋಡುವ ಹಾಳೆಗೂ ಸೇರಿಸಲು ಹೇಳಿ. ಬೈಂದೂರಿನ ಝೆರಾಕ್ಸ್ ಅಂಗಡಿಗೆ ನಾನೇ ತಲುಪಿಸುತ್ತೇನೆ, ಮಗಳ ಮನೆ ಅಲ್ಲೇ ಇದೆ.

ಪಂಚಾಯಿತಿ ಪೆನ್ನು · ಶನಿವಾರ, ಸಂಜೆ 7:10

ಚೀಟಿಯ ಮಾದರಿಯನ್ನು ಇಲ್ಲಿ ಹಾಕುತ್ತೀರಾ? ನಮ್ಮ ಪಂಚಾಯಿತಿಗೆ ಬೇಕು.